ಅಕ್ಷದೊಳಗಿನ ದ್ವಾಪರ

ನಳಚರಿತ್ರೆಯನ್ನು ಕೇಳದ ಕನ್ನಡಿಗರು ವಿರಳ. ಮಹಾಭಾರತದ ವನಪರ್ವದಲ್ಲಿ ಬೃಹದಶ್ವ ಮುನಿಯು ಧರ್ಮರಾಯನಿಗೆ ಹೇಳಿದ ಆ ಉಪಾಖ್ಯಾನವು ಕನಕದಾಸರ ಷಟ್ಪದಿಯ ಮೂಲಕ ನಮ್ಮ ಮನೆಮನೆಯ ಕಥೆಯಾಗಿದೆ. ನಿಷಧದ ಅರಸನು ತಮ್ಮನಾದ ಪುಷ್ಕರನೊಡನೆ ಜೂಜಾಡಿ, ರಾಜ್ಯಕೋಶಗಳನ್ನು ನೀಗಿಕೊಂಡು, ಉಟ್ಟ ಬಟ್ಟೆಯಲ್ಲಿ ಕಾಡುಪಾಲಾದನು. ಇದಕ್ಕೆ ಕಾರಣವೇನೆಂದು ಯಾರನ್ನು ಕೇಳಿದರೂ, ನಳನ ಮೈಯನ್ನು ಕಲಿಯು ಹೊಕ್ಕಿದ್ದನೆಂಬ ಉತ್ತರವೇ ಬರುವುದು. ಅದು ಸರಿಯೆ. ಆದರೆ ವ್ಯಾಸಭಾರತದಲ್ಲಿ ಇನ್ನೊಂದು ಮಾತುಂಟು. ಅದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಕಲಿಯು ಒಬ್ಬನೇ ಬಂದವನಲ್ಲ. ತಾನು ನಳನನ್ನು ಹೊಗುವೆನೆಂದೂ, ನೀನು ಅಕ್ಷಗಳನ್ನು ಹೊಕ್ಕು ನನಗೆ ನೆರವಾಗಬೇಕೆಂದೂ ಆತನು ಜೊತೆಗಾರನಾದ ದ್ವಾಪರನಿಗೆ ಹೇಳುತ್ತಾನೆ. ಅಕ್ಷವೆಂದರೆ ದಾಳ. ಕೇಡಿನ ಒಂದು ಪಾಲು ಆಡುವವನಲ್ಲಿ, ಇನ್ನೊಂದು ಪಾಲು ಆಟದ ಸಾಮಗ್ರಿಯಲ್ಲಿ ನೆಲಸಿತೆಂಬುದು ಕಥೆಯ ಅಭಿಪ್ರಾಯ.

ಜೂಜಿನ ವ್ಯಸನವನ್ನು ಕುರಿತು ನಮ್ಮ ನೀತಿಗ್ರಂಥಗಳು ಹೇಳಿರುವುದೆಲ್ಲ ಬಹುಮಟ್ಟಿಗೆ ಕಲಿಯ ವಿಚಾರ. ಜೈನ ಗ್ರಂಥಕಾರರು ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತವನ್ನು ಮೊದಲಿಗಿಟ್ಟರು. ಮನುವು ದ್ಯೂತವನ್ನು ರಾಜ್ಯದಿಂದ ಹೊರಡಿಸಬೇಕೆಂದನು. ಎಲ್ಲರ ಕಣ್ಣೂ ಆಡುವವನ ಮನಸ್ಸಿನ ಮೇಲೆ. ಆದರೆ ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ಜೂಜಿನ ಸಾಮಗ್ರಿಯೇ ಹೊಸ ಹುಟ್ಟು ಹುಟ್ಟಿದೆ. ಮನುಷ್ಯನ ಮನಸ್ಸು ಈ ಅವಧಿಯಲ್ಲಿ ಬದಲಾಗಲಿಲ್ಲ, ದಾಳ ಬದಲಾಯಿತು. ಈ ಲೇಖನವು ಆ ದಾಳದ, ಎಂದರೆ ದ್ವಾಪರನ, ಚರಿತ್ರೆ.

ನಮ್ಮ ಅತಿ ಪ್ರಾಚೀನವಾದ ದಾಳವು ತಾರೆಮರದ ಕಾಯಿ. ಸಂಸ್ಕೃತದಲ್ಲಿ ಇದಕ್ಕೆ ವಿಭೀತಕವೆಂದು ಹೆಸರು. ಋಗ್ವೇದದ ಹತ್ತನೆಯ ಮಂಡಲದ ೩೪ನೆಯ ಸೂಕ್ತವು ಜೂಜುಗಾರನೊಬ್ಬನ ಗೋಳು. ಹೆಂಡತಿ ದೂರವಾದಳು, ಅತ್ತೆ ಹಳಿಯುತ್ತಾಳೆ, ಸಾಲಗಾರರು ಬೆನ್ನಟ್ಟುತ್ತಾರೆ; ಇನ್ನು ಆಡೆನೆಂದು ನಿಶ್ಚಯಿಸಿದರೂ ಕಾಯಿಗಳ ಸದ್ದು ಕಿವಿಗೆ ಬಿದ್ದೊಡನೆ ಕಾಲು ಸಭೆಯ ಕಡೆಗೇ ಎಳೆಯುತ್ತದೆ. ಆ ಋಷಿಯು ಬಗೆಬಗೆಯಾಗಿ ವರ್ಣಿಸುವುದು ತನ್ನ ಮನಸ್ಸನ್ನಲ್ಲ, ಆ ಕಾಯಿಗಳ ಮೋಹಕ ಶಕ್ತಿಯನ್ನು ಎಂಬುದು ಗಮನಿಸತಕ್ಕ ಸಂಗತಿ. ಅವನಿಗೆ ದ್ವಾಪರನ ಗುರುತು ಹತ್ತಿತ್ತು ಎನ್ನಬೇಕು.

ಶಾಸನಕರ್ತರ ದೃಷ್ಟಿ ಬೇರೆಯಾಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳಿದೆ. ಜೂಜು ಒಂದೇ ಗೊತ್ತಾದ ಸ್ಥಳದಲ್ಲಿ ನಡೆಯಬೇಕು. ಬೇರೆ ಕಡೆ ಆಡಿದವನಿಗೆ ೧೨ ಪಣ ದಂಡ. ಅಧ್ಯಕ್ಷನು ಶುದ್ಧವಾದ ಕವಡೆಗಳನ್ನೂ ದಾಳಗಳನ್ನೂ ಒದಗಿಸಬೇಕು. ಕೈಚಳಕದಿಂದ ಅವನ್ನು ಬದಲಿಸಿದವನಿಗೆ ಮತ್ತೆ ೧೨ ಪಣ. ಗೆದ್ದ ಹಣದಲ್ಲಿ ನೂರಕ್ಕೆ ಐದು ಪಾಲು ಅರಸನಿಗೆ. ಇಲ್ಲಿ ಕೌಟಿಲ್ಯನಿಗಿದ್ದ ಭಯ ಒಂದೇ: ಮೋಸ. ದಾಳವು ಪ್ರಾಮಾಣಿಕವಾದರೆ ರಾಜ್ಯದ ಹೊಣೆ ತೀರಿತು. ಶಕುನಿಯ ಕಥೆಯನ್ನು ಕೇಳಿ ಬೆಳೆದ ಜನಕ್ಕೆ ಈ ಭಯ ಸಹಜ. ಮುಂದೆ ಎರಡು ಸಾವಿರ ವರ್ಷಗಳ ಕಾಲ ಪೂರ್ವ ಪಶ್ಚಿಮಗಳೆರಡರಲ್ಲಿಯೂ ಜೂಜಿನ ಕಾನೂನು ಹೆಚ್ಚಾಗಿ ಕೇಳಿದ ಪ್ರಶ್ನೆಗಳು ಎರಡೆ: ಆಡಬಹುದೆ, ಕೂಡದೆ? ಮೋಸ ಉಂಟೆ, ಇಲ್ಲವೆ? ಮೋಸವಿಲ್ಲದ ದಾಳವೂ ಮನುಷ್ಯನನ್ನು ಕಟ್ಟಿಹಾಕಬಲ್ಲುದೆ ಎಂಬ ಮೂರನೆಯ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ಹೊಳೆಯುವ ಅವಶ್ಯಕತೆಯೂ ಅಷ್ಟಾಗಿ ಇರಲಿಲ್ಲ. ಏಕೆಂದರೆ ಹಳೆಯ ಆಟಗಳಲ್ಲಿ ಸಹಜವಾದ ತಡೆಗಳಿದ್ದುವು. ಎದುರಾಳಿ ಬೇಕು, ಅವನು ದಣಿಯುತ್ತಾನೆ, ಮನೆಗೆ ಹೊರಡುತ್ತಾನೆ. ಪಗಡೆಯ ಒಂದು ಆಟ ಮುಗಿಯಲು ಮಧ್ಯಾಹ್ನವೇ ಕಳೆಯುತ್ತದೆ. ತುಳುನಾಡಿನ ಕೋಳಿಅಂಕಕ್ಕೆ ಕೋಳಿ ಬೇಕು, ಜಾತ್ರೆ ಬೇಕು. ಆಟಕ್ಕೂ ಆಟಕ್ಕೂ ನಡುವೆ ಬಿಡುವುಂಟು. ಆ ಬಿಡುವಿನಲ್ಲಿ ಬುದ್ಧಿ ತಿರುಗಿ ಬರಲು ಅವಕಾಶವುಂಟು.

ಈ ತಡೆಗಳನ್ನು ಮೊದಲು ತೆಗೆದುಹಾಕಿದುದು ಒಂದು ಕಬ್ಬಿಣದ ಪೆಟ್ಟಿಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅಮೆರಿಕದ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಚಾರ್ಲ್ಸ್ ಫೇ ಎಂಬ ಯಂತ್ರಕುಶಲನಿದ್ದನು. ಹುಟ್ಟಿದುದು ಜರ್ಮನಿಯ ಬವೇರಿಯದಲ್ಲಿ. ಇವನು 'ಲಿಬರ್ಟಿ ಬೆಲ್' ಎಂಬ ಯಂತ್ರವನ್ನು ನಿರ್ಮಿಸಿದನು. ಅದರಲ್ಲಿ ಮೂರು ಉರುಳೆಗಳು. ಅವುಗಳ ಮೇಲೆ ಕುದುರೆಲಾಳ, ಇಸ್ಪೀಟಿನ ಚಿಹ್ನೆಗಳು, ಗಂಟೆ. ನಾಣ್ಯವನ್ನು ಹಾಕಿ ಹಿಡಿಯನ್ನೆಳೆದರೆ ಉರುಳೆಗಳು ತಿರುಗಿ ಒಂದಾದಮೇಲೊಂದು ನಿಲ್ಲುವುವು. ಮೂರು ಗಂಟೆಗಳು ಸಾಲಾಗಿ ಬಂದರೆ ಅತ್ಯಧಿಕ ಬಹುಮಾನ: ಐವತ್ತು ಸೆಂಟು. ಇದೇ ಮುಂದೆ ಸ್ಲಾಟ್ ಯಂತ್ರವೆಂದು ಲೋಕಪ್ರಸಿದ್ಧವಾಯಿತು. ಎದುರಾಳಿಯಿಲ್ಲದ ಜೂಜು ಇಲ್ಲಿಂದ ಆರಂಭ. ಯಂತ್ರವು ದಣಿಯದು, ಹೊರಡದು, ಬೇಡವೆನ್ನದು.

ಆದರೂ ಫೇ ಮಾಡಿದ ಯಂತ್ರದಲ್ಲಿ ಒಂದು ಪ್ರಾಮಾಣಿಕತೆಯಿತ್ತು. ಉರುಳೆಯ ಮೇಲಿರುವ ಚಿತ್ರಗಳನ್ನು ಎಣಿಸಬಲ್ಲವನು ತನ್ನ ಅದೃಷ್ಟವನ್ನು ಲೆಕ್ಕಹಾಕಬಹುದಾಗಿತ್ತು. ಒಂದು ಉರುಳೆಗೆ ೨೨ ನಿಲುಗಡೆಗಳಿದ್ದರೆ ಮೂರು ಉರುಳೆಗಳಿಂದ ೧೦,೬೪೮ ಸಂಯೋಗಗಳಾಗುವುವು. ಪ್ರತಿಯೊಂದರಲ್ಲಿಯೂ ದೊಡ್ಡ ಬಹುಮಾನದ ಚಿತ್ರ ಒಂದೇ ಇದ್ದರೆ, ಅವು ಮೂರೂ ಸಾಲುಗೂಡುವುದು ೧೦,೬೪೮ ಸಲಕ್ಕೆ ಒಮ್ಮೆ. ಇದಕ್ಕಿಂತ ದೊಡ್ಡ ಬಹುಮಾನವನ್ನು ಕೊಡಬೇಕಾದರೆ ಉರುಳೆಯನ್ನು ದೊಡ್ಡದುಮಾಡಬೇಕು, ಇಲ್ಲವೆ ಹೆಚ್ಚಿಸಬೇಕು. ಹಾಗೆ ಮಾಡಿದರೆ ಗೆಲ್ಲುವುದು ಕಷ್ಟವೆಂದು ನೋಡಿದವನಿಗೇ ತಿಳಿದುಹೋಗುತ್ತದೆ. ಕಬ್ಬಿಣವು ಸುಳ್ಳಾಡಲಾರದಾಗಿತ್ತು.

೧೯೬೦ರ ದಶಕದ ಆದಿಭಾಗದಲ್ಲಿ ಬ್ಯಾಲಿ ಕಂಪೆನಿಯು 'ಮನಿ ಹನಿ' ಎಂಬ ಯಂತ್ರಕ್ಕೆ ವಿದ್ಯುಚ್ಛಕ್ತಿಯನ್ನು ಜೋಡಿಸಿತು. ಐನೂರು ನಾಣ್ಯಗಳವರೆಗೆ ತಾನೇ ಸುರಿಯಬಲ್ಲ ತೊಟ್ಟಿ ಅದಕ್ಕಿತ್ತು. ಬೆಳಕು, ಸದ್ದು ಸೇರಿದುವು. ೧೯೭೦ರ ದಶಕದಲ್ಲಿ ಉರುಳೆಯ ಬದಲು ಪರದೆ ಬಂದಿತು. ಆದರೆ ನಿಜವಾದ ಪರಿವರ್ತನೆಯ ವರ್ಷ ೧೯೮೪. ಆ ವರ್ಷದ ಮೇ ತಿಂಗಳಲ್ಲಿ ಇಂಗೆ ಟೆಲ್ನೆಸ್ ಎಂಬಾತನಿಗೆ ಅಮೆರಿಕದ ಸರ್ಕಾರವು ಒಂದು ಪೇಟೆಂಟನ್ನು ಕೊಟ್ಟಿತು. ಅದರ ತತ್ತ್ವ ಸರಳ. ಕಣ್ಣಿಗೆ ಕಾಣುವ ಉರುಳೆ ಮೊದಲಿನಂತೆಯೇ ತಿರುಗಲಿ. ಆದರೆ ಅದು ಎಲ್ಲಿ ನಿಲ್ಲಬೇಕೆಂಬುದನ್ನು ಯಂತ್ರದೊಳಗಣ ಗಣಕವು ಒಂದು ಅನಿಯತ ಸಂಖ್ಯೆಯನ್ನು ಹೆಕ್ಕಿ ಮೊದಲೇ ನಿರ್ಧರಿಸಲಿ. ಗಣಕದ ಲೆಕ್ಕದಲ್ಲಿ ಇನ್ನೊಂದು ಉರುಳೆಯಿರುವುದು, ಕಾಣದ ಉರುಳೆ. ಅದಕ್ಕೆ ೨೨ರ ಬದಲು ೬೪ ನಿಲುಗಡೆಗಳಿದ್ದರೆ ಮೂರು ಉರುಳೆಗಳ ಸಂಯೋಗ ೨,೬೨,೧೪೪. ಹೊರಗೆ ನೋಡುವವನಿಗೆ ಹತ್ತು ಸಾವಿರಕ್ಕೊಂದರಂತೆ ತೋರುವ ಅವಕಾಶವು ಒಳಗೆ ಎರಡೂವರೆ ಲಕ್ಷಕ್ಕೊಂದು. ಆಡುವವನಿಗೆ ಅವಕಾಶವು ಇರುವುದಕ್ಕಿಂತ ಹೆಚ್ಚಾಗಿ ತೋರುವಂತೆ, ಆದರೆ ಕಾನೂನಿನ ಎಲ್ಲೆಯನ್ನು ಮೀರದಂತೆ, ಯಂತ್ರವನ್ನು ಮಾಡುವುದೇ ಮುಖ್ಯವೆಂಬ ಅಭಿಪ್ರಾಯವು ಆ ಪೇಟೆಂಟಿನಲ್ಲಿಯೇ ಉಂಟು.

ಇದರಿಂದ ಇನ್ನೊಂದು ಉಪಾಯ ಹುಟ್ಟಿತು. ಕಾಣುವ ಉರುಳೆಯಲ್ಲಿ ಬಹುಮಾನದ ಚಿತ್ರದ ಮೇಲೂ ಕೆಳಗೂ ಖಾಲಿ ಜಾಗಗಳಿರುವುವು. ಕಾಣದ ಉರುಳೆಯಲ್ಲಿ ಬಹುಮಾನದ ಚಿತ್ರಕ್ಕೆ ಒಂದೇ ನಿಲುಗಡೆಯನ್ನಿತ್ತು, ಅದರ ಅಕ್ಕಪಕ್ಕದ ಖಾಲಿ ಜಾಗಗಳಿಗೆ, ಉದಾಹರಣೆಗೆ, ಐದೈದು ನಿಲುಗಡೆಗಳನ್ನು ಕೊಟ್ಟರೆಂದಿಟ್ಟುಕೊಳ್ಳೋಣ. ಆಗ ಆ ಚಿತ್ರವು ಗೆಲವಿನ ಗೆರೆಯ ಮೇಲೆ ಒಂದು ಸಲ ಬಂದರೆ, ಗೆರೆಗೆ ಕೂದಲೆಳೆಯಷ್ಟು ಮೇಲೆಯೋ ಕೆಳಗೋ ಹತ್ತು ಸಲ ನಿಲ್ಲುವುದು. ಆಡುವವನು 'ಇನ್ನೇನು ಬಂದೇಬಿಟ್ಟಿತ್ತು' ಎಂದುಕೊಳ್ಳುತ್ತಾನೆ. ವಾಸ್ತವವಾಗಿ ಏನೂ ಬಂದಿರಲಿಲ್ಲ. ಅದು ಇತರ ಸೋಲುಗಳಂತೆ ಒಂದು ಸೋಲು. ಇದನ್ನು ನಾವು 'ಕೈತಪ್ಪಿದ ಗೆಲವು' ಎಂದು ಕರೆಯಬಹುದು. ೧೯೮೦ರ ದಶಕದ ಕೊನೆಯಲ್ಲಿ ಒಂದು ಜಪಾನೀ ಸಂಸ್ಥೆಯ ಯಂತ್ರಗಳು ಸೋಲನ್ನು ನಿರ್ಧರಿಸಿಕೊಂಡ ಮೇಲೆ ಬೇಕೆಂದೇ ಗೆರೆಯ ಮೇಲೆ ಇಂತಹ ನೋಟಗಳನ್ನು ಜೋಡಿಸುತ್ತಿದ್ದುವೆಂದು ನೆವಾಡಾ ಸಂಸ್ಥಾನದ ಅಧಿಕಾರಿಗಳು ಅದನ್ನು ತಡೆದರು. ಆದರೆ ಕಾಣದ ಉರುಳೆಗೆ ಅಡ್ಡಿಮಾಡಲಿಲ್ಲ. ಕೌಟಿಲ್ಯನ ಅಳತೆಗೋಲಿನಿಂದ ನೋಡಿದರೆ ಅವರು ಮಾಡಿದುದು ಸರಿಯೆ: ಸಂಖ್ಯೆ ಶುದ್ಧ, ದಾಳ ಪ್ರಾಮಾಣಿಕ. ಹಾದಿತಪ್ಪಿಸುತ್ತಿದ್ದುದು ದಾಳವಲ್ಲ, ದಾಳದ ಮುಖ.

ಯಂತ್ರದ ಮೂರನೆಯ ಗುಣ ವೇಗ. ಹಿಡಿಯ ಬದಲು ಗುಂಡಿ ಬಂದಿತು. ನಾಣ್ಯದ ಬದಲು ನೋಟು, ನೋಟಿನ ಬದಲು ಅಂಕಿ. ವೇಗದ ಪರಿಣಾಮವನ್ನು ತಿಳಿಯಲು ಸಾಮಾನ್ಯ ಗಣಿತವೇ ಸಾಕು. ಹೂಡಿದ ಪ್ರತಿ ನೂರು ರೂಪಾಯಿಗೆ ತೊಂಬತ್ತನ್ನು ಸರಾಸರಿಯಾಗಿ ಹಿಂದಿರುಗಿಸುವ ಆಟವೊಂದಿದೆಯೆನ್ನೋಣ. ಪಣ ಒಂದು ರೂಪಾಯಿ. ಗಂಟೆಗೆ ಹತ್ತು ಸಲ ಆಡಿದವನ ಸರಾಸರಿ ನಷ್ಟ ಒಂದು ರೂಪಾಯಿ. ಮೂರು ಸೆಕೆಂಡಿಗೊಮ್ಮೆ ಆಡಿದವನು ಗಂಟೆಗೆ ೧,೨೦೦ ಸಲ ಆಡುತ್ತಾನೆ. ಅವನ ನಷ್ಟ ೧೨೦ ರೂಪಾಯಿ. ಪಣ ಅದೇ, ನಿಯಮ ಅದೇ, ಪ್ರಾಮಾಣಿಕತೆಯೂ ಅದೇ. 'ನೂರಕ್ಕೆ ತೊಂಬತ್ತು ನಿಮಗೇ' ಎಂಬ ಘೋಷಣೆಯೂ ಸುಳ್ಳಲ್ಲ. ಆದರೆ ಗೆದ್ದುದನ್ನೇ ಮತ್ತೆ ಮತ್ತೆ ಹೂಡಿದರೆ ನೂರು ತೊಂಬತ್ತಾಗಿ, ತೊಂಬತ್ತು ಎಂಬತ್ತೊಂದಾಗಿ, ಏಳನೆಯ ಸುತ್ತಿಗೆ ಅರ್ಧಕ್ಕಿಂತ ಕಡಮೆಯಾಗುವುದು. ವೇಗದ ಯಂತ್ರದಲ್ಲಿ ಏಳು ಸುತ್ತೆಂದರೆ ಎಷ್ಟು ಹೊತ್ತು?

ಪರದೆಯ ಯಂತ್ರಗಳು ಬಂದಮೇಲೆ ನಾಲ್ಕನೆಯದೊಂದು ಗುಣ ಸೇರಿತು. ಒಂದು ಗೆರೆಯ ಬದಲು ಇಪ್ಪತ್ತು ಗೆರೆಗಳ ಮೇಲೆ ಒಟ್ಟಿಗೆ ಪಣವಿಡುವ ಸೌಕರ್ಯ. ಇಪ್ಪತ್ತು ರೂಪಾಯಿ ಹೂಡಿದವನಿಗೆ ಒಂದು ಗೆರೆಯಲ್ಲಿ ಐದು ರೂಪಾಯಿ ಬಂದರೆ ಯಂತ್ರವು ದೀಪ ಬೆಳಗಿ ಮಂಗಳವಾದ್ಯವನ್ನು ಮೊಳಗಿಸುತ್ತದೆ. ಹದಿನೈದು ರೂಪಾಯಿ ಹೋದುದಕ್ಕೆ ಸಂಭ್ರಮ! ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದ ವಿದ್ವಾಂಸರು ೨೦೧೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂತಹ 'ಗೆಲವಿನ ವೇಷದ ಸೋಲು' ಬಂದಾಗ ಆಡುವವರ ಚರ್ಮದಲ್ಲಿ ಕಾಣುವ ಉದ್ವೇಗದ ಲಕ್ಷಣವು ನಿಜವಾದ ಗೆಲವಿನದನ್ನು ಹೋಲುತ್ತದೆಂದು ತೋರಿಸಿದರು.

ಇವೆಲ್ಲ ಮನಸ್ಸನ್ನು ಹಿಡಿಯುವುದು ಹೇಗೆ? ಇದರ ಮೊದಲ ಸುಳಿವು ಪಾರಿವಾಳಗಳಿಂದ ಬಂದಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರನು, ಕೊಕ್ಕಿನಿಂದ ಕುಟ್ಟಿದರೆ ಕಾಳು ದೊರೆಯುವ ಪೆಟ್ಟಿಗೆಯಲ್ಲಿ ಅವನ್ನಿಟ್ಟು ಬಹುಕಾಲ ಪರೀಕ್ಷಿಸಿದನು. ಇಂತಿಷ್ಟು ಸಲ ಕುಟ್ಟಿದರೆ ಕಾಳು ಎಂದು ಗೊತ್ತಾಗಿದ್ದರೆ, ಹಕ್ಕಿಯು ಕಾಳು ಸಿಕ್ಕಿದೊಡನೆ ಕೊಂಚ ವಿಶ್ರಮಿಸಿಕೊಳ್ಳುತ್ತದೆ. ಯಾವ ಸಲಕ್ಕೆ ಸಿಕ್ಕೀತೆಂಬುದು ಗೊತ್ತಿಲ್ಲದಿದ್ದರೆ, ಬಿಡುವಿಲ್ಲದೆ ಕುಟ್ಟುತ್ತದೆ. ಕಾಳು ನಿಂತುಹೋದ ಮೇಲೂ ಬಹಳ ಹೊತ್ತು ಕುಟ್ಟುತ್ತಿರುತ್ತದೆ. ಜೂಜಿನ ಯಂತ್ರಗಳು ಈ ಎರಡನೆಯ ವರ್ಗಕ್ಕೆ ಸೇರಿದುವೆಂದು ಸ್ಕಿನ್ನರನೇ ೧೯೫೩ರಲ್ಲಿ ಬರೆದನು. ೨೦೦೯ರಲ್ಲಿ ಕೇಂಬ್ರಿಜ್ಜಿನಲ್ಲಿ ಲೂಕ್ ಕ್ಲಾರ್ಕ್ ಮತ್ತು ಸಹೋದ್ಯೋಗಿಗಳು ಆಡುವವರ ಮಿದುಳನ್ನು ಪರೀಕ್ಷಿಸಿದರು. ಕೈತಪ್ಪಿದ ಗೆಲವು ಮನಸ್ಸಿಗೆ ಅಹಿತವೆಂದು ಅವರು ಹೇಳಿದರೂ, ಗೆದ್ದಾಗ ಎಚ್ಚರಗೊಳ್ಳುವ ಮಿದುಳಿನ ಭಾಗಗಳೇ ಆಗಲೂ ಎಚ್ಚರಗೊಂಡುವು. ತಾವೇ ಆಯ್ದು ಆಡಿದಾಗ ಮತ್ತೆ ಆಡಬೇಕೆಂಬ ಬಯಕೆಯೂ ಹೆಚ್ಚಿತು. ಸೋಲೇ ಆಟಕ್ಕೆ ಇಂಧನವಾಗುವ ಈ ಪರಿಯನ್ನು ಶಕುನಿಯೂ ಅರಿತಿರಲಾರನು.

ಅಮೆರಿಕದಲ್ಲಿ ೨೦೦೨ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರೀನ್ ಮತ್ತು ಜಿಮ್ಮರ್ಮನ್ ಎಂಬವರು ಚಿಕಿತ್ಸೆಗಾಗಿ ಬಂದವರ ಪೂರ್ವವೃತ್ತವನ್ನು ವಿಚಾರಿಸಿದರು. ಕುದುರೆಪಂದ್ಯ, ಇಸ್ಪೀಟು ಮೊದಲಾದುವನ್ನು ಹಿಡಿದವರು ನಿಯಮವಾಗಿ ಆಡತೊಡಗಿದಂದಿನಿಂದ ವ್ಯಸನಿಗಳಾಗಲು ಸರಾಸರಿ ಮೂರೂವರೆ ವರ್ಷ ಹಿಡಿದಿತ್ತು. ಯಂತ್ರವನ್ನು ಹಿಡಿದವರಿಗೆ ಸುಮಾರು ಒಂದೇ ವರ್ಷ. ಪರೀಕ್ಷಿತರ ಸಂಖ್ಯೆ ದೊಡ್ಡದಲ್ಲವಾದರೂ ಅಂತರ ದೊಡ್ಡದು. ಲಾಸ್ ವೇಗಾಸಿನಲ್ಲಿ ಬಹುಕಾಲ ವಿಚಾರಣೆ ನಡೆಸಿ ೨೦೧೨ರಲ್ಲಿ ಗ್ರಂಥವನ್ನು ಪ್ರಕಟಿಸಿದ ನತಾಷಾ ಡೌ ಶುಲ್ ಎಂಬ ವಿದುಷಿಯು ಇನ್ನೂ ವಿಸ್ಮಯಕರವಾದ ಸಂಗತಿಯನ್ನು ಹೇಳಿರುವರು. ಯಂತ್ರದ ಮುಂದೆ ಕುಳಿತವರಲ್ಲಿ ಅನೇಕರಿಗೆ ಗೆಲ್ಲುವ ಆಸೆಯೇ ಉಳಿದಿರಲಿಲ್ಲ. ಕಾಲ, ಹಣ, ದೇಹ, ಸಂಸಾರ ಎಲ್ಲವೂ ಮರೆತುಹೋಗುವ ಒಂದು ಸ್ಥಿತಿಯುಂಟು. ಅದರಲ್ಲಿ ಮುಂದುವರಿಯುವುದಷ್ಟೇ ಅವರಿಗೆ ಬೇಕಾಗಿತ್ತು. ಇಲ್ಲಿಗೆ ನಮ್ಮ ಹಳೆಯ ನೀತಿವಾಕ್ಯ ಕುಂಟುತ್ತದೆ. ಜೂಜಿನ ಮೂಲ ದುರಾಸೆಯೆಂದು ನಾವು ಹೇಳುತ್ತ ಬಂದೆವು. ಆಸೆಯೂ ಸತ್ತ ಮೇಲೆ ಉಳಿಯುವ ಜೂಜೊಂದು ಹುಟ್ಟಿದೆ. ಅಮೆರಿಕದ ಮನೋವೈದ್ಯರ ಸಂಘವು ೧೯೮೦ರಲ್ಲಿ ಜೂಜಿನ ರೋಗವನ್ನು ತನ್ನ ಪಟ್ಟಿಗೆ ಸೇರಿಸಿದಾಗ ಅದನ್ನು ಮನಸ್ಸಿನ ಹತೋಟಿ ತಪ್ಪಿದ ದೋಷಗಳಲ್ಲಿ ಎಣಿಸಿತ್ತು. ೨೦೧೩ರಲ್ಲಿ ಅದನ್ನು ಮದ್ಯ ಮೊದಲಾದುವುಗಳ ಚಟದ ಸಾಲಿಗೆ ಸೇರಿಸಿತು.

ಇಷ್ಟಾದರೂ ಒಬ್ಬರು ಆಕ್ಷೇಪಿಸಬಹುದು: 'ಲಕ್ಷಾಂತರ ಮಂದಿ ಆಡುತ್ತಾರೆ, ಕೆಡುವವರು ಕೆಲವರು. ದೋಷ ಆ ಕೆಲವರದು.' ಕಟ್ಟೆಯಿಲ್ಲದ ಬಾವಿಯ ಪಕ್ಕದಲ್ಲಿಯೂ ಊರೆಲ್ಲ ನಡೆದಾಡುತ್ತದೆ, ಬೀಳುವವರು ಕೆಲವರೇ. ಹಾಗೆಂದು ಬಿದ್ದವರ ನಡಗೆಯನ್ನು ಹಳಿದು ಸುಮ್ಮನಾಗುವವರು ಯಾರೂ ಇಲ್ಲ. ದೋಷವೆಲ್ಲ ಆಡುವವನದೇ ಆಗಿದ್ದರೆ ಸಾಮಗ್ರಿಯನ್ನು ಬದಲಿಸಿದುದರಿಂದ ಏನೂ ಆಗಬಾರದು. ಆದರೆ ಆಗಿದೆ. ನಾರ್ವೆ ದೇಶವು ೨೦೦೬ರ ಜುಲೈಯಲ್ಲಿ ಯಂತ್ರಗಳು ನೋಟನ್ನು ನುಂಗುವುದನ್ನು ನಿಲ್ಲಿಸಿ, ಮರುವರ್ಷದ ಜುಲೈಯಲ್ಲಿ ಆ ಯಂತ್ರಗಳನ್ನೇ ತೆಗೆಸಿತು; ಅನಂತರ ನಷ್ಟಕ್ಕೆ ಮಿತಿಯುಳ್ಳ, ಆಡುವವನ ಗುರುತುಚೀಟಿಯನ್ನು ಬೇಡುವ, ನಿಧಾನವಾದ ಯಂತ್ರಗಳನ್ನು ಸರ್ಕಾರದ ಸಂಸ್ಥೆಯೇ ಇರಿಸಿತು. ಯಂತ್ರಗಳನ್ನು ತೆಗೆದ ಬಳಿಕ ನಡೆದ ಸಮೀಕ್ಷೆಗಳಲ್ಲಿ ಜೂಜಾಡುವವರೂ ಜೂಜಿನಿಂದ ತೊಂದರೆಗೀಡಾದವರೂ ಕಡಮೆಯಾಗಿದ್ದರು. ಜನರು ಅದೇ ಜನರು. ಬ್ರಿಟನ್ನಿನಲ್ಲಿ ೨೦ ಸೆಕೆಂಡಿಗೊಮ್ಮೆ ೧೦೦ ಪೌಂಡುಗಳವರೆಗೆ ಪಣವಿಡಬಹುದಾಗಿದ್ದ ಯಂತ್ರಗಳಿದ್ದುವು. ೨೦೧೯ರ ಏಪ್ರಿಲಿನಲ್ಲಿ ಆ ಮಿತಿಯನ್ನು ೨ ಪೌಂಡಿಗೆ ಇಳಿಸಿದರು. ೨೦೨೧ರಲ್ಲಿ ಅಲ್ಲಿಯ ನಿಯಂತ್ರಣ ಮಂಡಲಿಯು ಅಂತರ್ಜಾಲದ ಸ್ಲಾಟ್ ಆಟಗಳಿಗೆ ವಿಧಿಸಿದ ನಿಯಮಗಳನ್ನು ನೋಡಿ: ಒಂದು ಸುತ್ತು ಎರಡೂವರೆ ಸೆಕೆಂಡಿಗೆ ಕಡಮೆಯಿರಕೂಡದು, ಯಂತ್ರವು ತಾನೇ ಆಡುತ್ತ ಹೋಗಕೂಡದು, ಹೂಡಿದುದಕ್ಕಿಂತ ಹೆಚ್ಚು ಬಾರದಿದ್ದಾಗ ಗೆಲವಿನ ಸಂಭ್ರಮವನ್ನು ತೋರಿಸಕೂಡದು. ಜೂಜಿನ ಕಾನೂನು ಇಲ್ಲಿ ಆಡುವವನನ್ನು ಬಿಟ್ಟು ದಾಳದೊಳಕ್ಕೆ ಇಣಿಕಿದೆ.

ನಮ್ಮ ದೇಶದ ಶಾಸನಕ್ಕೂ ಈ ದೃಷ್ಟಿ ಒಮ್ಮೆ ಬಂದಿತ್ತು. ಒಂದೇ ಅಂಕಿಯ ಮೇಲೆ ನಡೆಯುತ್ತಿದ್ದ ಲಾಟರಿಗಳು ಬಡವರ ಸಂಸಾರಗಳನ್ನು ಹಾಳುಮಾಡುತ್ತಿದ್ದಾಗ, ೧೯೯೮ರ ಕೇಂದ್ರ ಲಾಟರಿ ಶಾಸನವು ಒಂಟಿ ಅಂಕಿಯ ಬಹುಮಾನವನ್ನು ನಿಷೇಧಿಸಿ, ಯಾವ ಲಾಟರಿಯನ್ನೂ ವಾರಕ್ಕೊಮ್ಮೆಗಿಂತ ಹೆಚ್ಚಾಗಿ ಎತ್ತಕೂಡದೆಂದು ವಿಧಿಸಿತು. ವಾರಕ್ಕೊಮ್ಮೆ ಎಂಬ ಆ ಒಂದು ಮಾತಿನಲ್ಲಿ ವೇಗದ ಗುಟ್ಟೆಲ್ಲ ಅಡಗಿದೆ. ಕರ್ನಾಟಕವು ೨೦೦೭ರಲ್ಲಿ ಲಾಟರಿಯನ್ನೇ ನಿಲ್ಲಿಸಿತು.

ಆದರೆ ನಮ್ಮ ನ್ಯಾಯಾಲಯಗಳ ಚರ್ಚೆ ಬಹುಕಾಲ ಬೇರೊಂದು ಜಾಡಿನಲ್ಲಿ ನಡೆದಿದೆ: ಆಟವು ಕೌಶಲದ್ದೆ, ಅದೃಷ್ಟದ್ದೆ? ೧೯೫೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಭೇದವನ್ನು ಎತ್ತಿಹಿಡಿಯಿತು. ೧೯೬೭ರಲ್ಲಿ ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ತೀರ್ಪಿತ್ತಿತು. ಆ ತೀರ್ಪಿನ ಕಾಲದ ರಮ್ಮಿಯೆಂದರೆ ನಾಲ್ಕು ಮಂದಿ ಮೇಜಿನ ಸುತ್ತ ಕುಳಿತು, ಎಲೆ ಕಲಸಿ, ಹಂಚಿ, ಹರಟುತ್ತ ಆಡುವ ಆಟ. ಕೈಯಲ್ಲಿರುವ ದೂರವಾಣಿಯ ಪರದೆಯ ಮೇಲೆ ನಡುರಾತ್ರಿಯಲ್ಲಿಯೂ ಅಪರಿಚಿತ ಎದುರಾಳಿಗಳು ಕ್ಷಣಾರ್ಧದಲ್ಲಿ ದೊರೆತು, ಹಣವು ಬೆರಳ ತುದಿಯಿಂದ ಜಾರುವ ರಮ್ಮಿಗೆ ನಿಯಮಗಳು ಅವೇ, ಕಟ್ಟಡ ಬೇರೆ. ಕೌಶಲವೆಷ್ಟೆಂದು ತೂಗುವ ತಕ್ಕಡಿಯಲ್ಲಿ ಈ ವ್ಯತ್ಯಾಸ ನಿಲ್ಲುವುದೇ ಇಲ್ಲ. ೨೦೨೧ರಲ್ಲಿ ಕರ್ನಾಟಕವು ಪೋಲೀಸು ಕಾಯಿದೆಯನ್ನು ತಿದ್ದಿ ಇಂತಹ ಆಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ತೊಡೆದುಹಾಕಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟಾಡುವ ಅಂತರ್ಜಾಲದ ಆಟಗಳನ್ನು, ಕೌಶಲ ಅದೃಷ್ಟಗಳ ಭೇದವೆಣಿಸದೆ, ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಆಡಬಹುದೆ, ಕೂಡದೆ ಎಂಬ ಮನುವಿನ ಪ್ರಶ್ನೆಗೆ ಇದು ಉತ್ತರವಾಯಿತು. ಆದರೆ ಬಾಗಿಲು ಹಾಕಿದ ಮಾತ್ರಕ್ಕೆ ದ್ವಾಪರನು ಸಾಯುವುದಿಲ್ಲ. ಹಣವಿಲ್ಲದ ಆಟಗಳಿಗೂ, ಮಕ್ಕಳ ಕೈಯ ಪರದೆಗೂ ಅನಿಯತ ಬಹುಮಾನವೂ ಬಿಡುವಿಲ್ಲದ ವೇಗವೂ ಆಗಲೇ ವಲಸೆಹೋಗಿವೆ. ಅವನ್ನು ಗುರುತಿಸಬೇಕಾದರೆ ಆಟದ ಹೆಸರನ್ನಲ್ಲ, ಕಟ್ಟಡವನ್ನು ನೋಡಬೇಕು: ಸುತ್ತಿಗೂ ಸುತ್ತಿಗೂ ನಡುವೆ ಬಿಡುವೆಷ್ಟು? ಸೋಲು ಸೋಲಿನಂತೆ ಕಾಣುವುದೆ? ಕಂಡ ಅವಕಾಶವೂ ಇರುವ ಅವಕಾಶವೂ ಒಂದೆಯೆ? ಏಳುವುದಕ್ಕೆ ಹಾದಿಯುಂಟೆ?

ನಳನಿಗೆ ಬಿಡುಗಡೆಯಾದ ಬಗೆಯನ್ನು ನೆನೆಯಬೇಕು. ಋತುಪರ್ಣನ ಸಾರಥಿಯಾಗಿ ಹೋಗುತ್ತಿದ್ದಾಗ ದಾರಿಯಲ್ಲೊಂದು ತಾರೆಮರ. ಅದರ ಎಲೆಗಳೆಷ್ಟು, ಕಾಯಿಗಳೆಷ್ಟು ಎಂಬುದನ್ನು ಋತುಪರ್ಣನು ನೋಡಿದೊಡನೆಯೇ ಹೇಳಿದನು. ನಳನು ರಥವನ್ನು ನಿಲ್ಲಿಸಿ, ಎಣಿಸಿ ನೋಡಿ, ಮಾತು ನಿಜವೆಂದು ಕಂಡು, ತನ್ನ ಅಶ್ವವಿದ್ಯೆಗೆ ಬದಲಾಗಿ ಅವನಿಂದ ಅಕ್ಷಹೃದಯವನ್ನು ಪಡೆದನು. ಅಕ್ಷದ ಹೃದಯವು ತಿಳಿದೊಡನೆ ಕಲಿಯು ಮೈಯಿಂದ ಹೊರಬಂದು ಆ ಮರವನ್ನೇ ಹೊಕ್ಕನು. ಮುನಿಯು ಕಥೆ ಮುಗಿದ ಮೇಲೆ ಧರ್ಮರಾಯನಿಗೂ ಉಪದೇಶಿಸಿದುದು ಆ ವಿದ್ಯೆಯನ್ನೇ. ಇನ್ನು ಆಡಬೇಡವೆಂಬ ಬರಿಯ ಬುದ್ಧಿವಾದವನ್ನಲ್ಲ. ಇಂದು ಅಕ್ಷಹೃದಯವು ಯಂತ್ರವನ್ನು ಕಟ್ಟುವವರ ಕೈಯಲ್ಲಿದೆ. ಅದು ಶಾಸನಕರ್ತರಿಗೂ, ಪಾಠಶಾಲೆಯ ಗಣಿತದ ಉಪಾಧ್ಯಾಯರಿಗೂ, ಮನೆಯ ಹಿರಿಯರಿಗೂ ತಿಳಿದಿರುವುದು ಅವಶ್ಯಕ.